ಕಾಯಕ ಚಿಂತನ: ಬೆಳಗಾವಿಯ ಪದವಿ, ಖಾನಾಪುರದ ಮಣ್ಣು

ಪರಿಸರಕ್ಕೆ ಉಪಕಾರವಾಗುವಂತಹ ಉದ್ಯೋಗವನ್ನೇ ಮಾಡಬೇಕೆಂಬ ಹಂಬಲ ನಮ್ಮ ಮನೆತನಗಳ ಪದವೀಧರ ಮಕ್ಕಳಲ್ಲಿ ಈಚೆಗೆ ಹೆಚ್ಚಾಗಿ ಕಂಡುಬರುತ್ತಿದೆ. ತಂದೆತಾಯಿಗಳಿಗೆ ಇದು ಚಿಂತೆಯ ವಿಷಯ. ಅಂತಹ ಕೆಲಸ ಎಲ್ಲಿದೆ, ಸಂಬಳವೆಷ್ಟು, ನಾಳೆ ಬೀಗರಾಗುವವರು ಏನೆಂದಾರು? ಪ್ರಶ್ನೆಗಳು ಸಹಜವೇ. ಆದರೂ ಮಕ್ಕಳು ಬೆಂಗಳೂರು, ಪುಣೆಗಳತ್ತ ಮುಖ ಮಾಡುವ ಮುನ್ನ, ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರವನ್ನೊಮ್ಮೆ ನೋಡಿ ಬರಲಿ.

ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲೂಕಿನದು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಕಾಡೂ ಇಲ್ಲಿಯದೇ. ಇಲ್ಲಿಯ ಜೇಡಿಮಣ್ಣು ಹಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಖಾನಾಪುರದಲ್ಲಿದೆ.

ಮಣ್ಣಿನ ಪಾತ್ರೆ ಪರಿಸರಸ್ನೇಹಿ ಎಂದು ಹೇಳಿಬಿಡುವುದು ಸುಲಭ. ಆವಿಗೆಯ ಬಳಿ ನಿಂತವರಿಗೆ ಉಳಿದರ್ಧ ತಿಳಿಯುತ್ತದೆ. ಹಸಿ ಗಡಿಗೆ ಒಡೆದರೆ ಆ ಮಣ್ಣನ್ನು ನೆನೆಸಿ ಮತ್ತೆ ತಿಗರಿಗೆ ಏರಿಸಬಹುದು. ಬೆಂದ ಮೇಲೆ ಅದು ಮರಳಿ ಜೇಡಿಮಣ್ಣಾಗದು. ಚೆನ್ನಾಗಿ ಬೇಯಲು 800 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಶಾಖ ಬೇಕು. ತೆರೆದ ಆವಿಗೆಯಲ್ಲಿ ಆ ಶಾಖದ ಬಹುಪಾಲು ಗಾಳಿಪಾಲು. ಉರಿ ಸಮನಾಗಿ ತಾಗದೆ ಕೆಲವು ಗಡಿಗೆ ಬಿರಿಯುತ್ತವೆ, ಕೆಲವು ಅರೆಬೆಂದು ಉಳಿಯುತ್ತವೆ. ಸೌದೆ, ಮಣ್ಣು, ಕುಂಬಾರನ ದುಡಿಮೆ ಮೂರೂ ನಷ್ಟ. ಇನ್ನು ಇಟ್ಟಿಗೆಗೆಂದು ಹೊಲದ ಮೇಲ್ಮಣ್ಣನ್ನು ಮಾರಿಕೊಂಡವರ ಬೆಳೆಯ ಮಾತು ಬೇರೆ.

ನಮ್ಮ ಮಕ್ಕಳು ಹುಡುಕುವ ಕೆಲಸ ಈ ನಷ್ಟದಲ್ಲಿಯೇ ಅಡಗಿದೆ. ಕಡಿಮೆ ಸೌದೆಯಲ್ಲಿ ಸಮನಾಗಿ ಬೇಯಿಸುವ ಮುಚ್ಚಿದ ಆವಿಗೆಯನ್ನು ಕಟ್ಟುವುದು ಇಂಜಿನಿಯರಿಂಗ್ ಓದಿದವರ ಕೆಲಸ. ಸೀಸವಿಲ್ಲದ ಹೊಳಪು ರಸಾಯನಶಾಸ್ತ್ರ ಬಲ್ಲವರದು. ಒಡೆಯದಂತೆ ಕಟ್ಟಿ ದೂರದೂರಿಗೆ ಕಳಿಸಿ, ಲೆಕ್ಕವಿಟ್ಟು ಮಾರುವುದು ವಾಣಿಜ್ಯ ಪದವೀಧರರಿಗೆ ಸಲ್ಲುತ್ತದೆ. ಆದರೆ ಕುಂಬಾರರಿಗೆ ಪಾಠ ಹೇಳುವ ಉತ್ಸಾಹ ಮಾತ್ರ ಬೇಡ. ಮೊದಲು ಕೆಲವು ತಿಂಗಳಾದರೂ ಅವರ ಬಳಿ ಕುಳಿತು ಮಣ್ಣು ನಾದಲಿ. ಕುಂಬಾರ ಗುಂಡಯ್ಯನನ್ನು ಶರಣನೆಂದು ಸ್ಮರಿಸುವ ಮನೆಯವರಿಗೆ ಇದರಲ್ಲಿ ಸಂಕೋಚವೇಕೆ?

ಬಂಡವಾಳದ ಮಾತು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯನ್ವಯ, ಗ್ರಾಮೀಣ ಪ್ರದೇಶದಲ್ಲಿ ಉದ್ಯಮ ಹೂಡುವ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇಕಡಾ 25, ಮಹಿಳೆಯರೇ ಮೊದಲಾದ ವಿಶೇಷ ವರ್ಗದವರಿಗೆ ಶೇಕಡಾ 35 ಸಹಾಯಧನವುಂಟು. ಸ್ವಂತದ ಪಾಲು ಕ್ರಮವಾಗಿ ಶೇಕಡಾ 10 ಮತ್ತು 5. ಉಳಿದುದು ಬ್ಯಾಂಕಿನ ಸಾಲ, ಬಡ್ಡಿ ತಪ್ಪದು. ಸಹಾಯಧನವೂ ಕೈಗೆ ಬರುವ ಹಣವಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಘಟಕ ನಡೆಯುತ್ತಿರುವುದನ್ನು ಪರಿಶೀಲಿಸಿದ ಬಳಿಕ ಸಾಲಕ್ಕೆ ಜಮೆಯಾಗುತ್ತದೆ. ಆದುದರಿಂದ ಆ ಮೂರು ವರ್ಷ ಮನೆಯ ಆಸರೆ ಬೇಕೇ ಬೇಕು. ಮಗಳು ಸೌದೆ, ಮಣ್ಣು, ಕೂಲಿ, ಬಡ್ಡಿಗಳ ಲೆಕ್ಕ ಬರೆದು ಮುಂದಿಟ್ಟರೆ, ವರಾನ್ವೇಷಣೆಯ ಮಾತನ್ನು ಆ ಸಂಜೆಯ ಮಟ್ಟಿಗಾದರೂ ಬದಿಗಿಟ್ಟು ತಂದೆತಾಯಿಗಳು ಅದನ್ನು ಓದಬೇಕು.