ಒಬ್ಬ ವೀರ, ಸಾವಿರ ಕೂಲಿ

ಮೇಷ್ಟ್ರಾಗಿದ್ದಾಗ ಮಕ್ಕಳಿಗೆ ‘ಸಿನಿಮಾ ಹುಚ್ಚು ಕೆಟ್ಟದ್ದು’ ಎಂದು ಬೋಧಿಸಿ, ಸಾಯಂಕಾಲ ನಾನೇ ಟಿಕೆಟ್ಟಿನ ಸಾಲಿನಲ್ಲಿ ನಿಂತವನು. ಸಂಘಟನೆಯ ಕೆಲಸಕ್ಕೆ ಬಂದ ಮೇಲೂ ಆ ಚಟ ಬಿಟ್ಟಿಲ್ಲ. ಮೊನ್ನೆ ಹುಳಿಯಾರಿನ ಚಹದಂಗಡಿಯೊಂದರಲ್ಲಿ ನಾರಿನ ಮಿಲ್ಲಿನ ಗೆಳೆಯರಿಗೂ ಕೊಬ್ಬರಿ ವ್ಯಾಪಾರದ ಅಣ್ಣನೊಬ್ಬನಿಗೂ ವಾದ ಹತ್ತಿತು: ‘ಅಂತ’ ದೊಡ್ಡದೋ, ‘ಕೆ.ಜಿ.ಎಫ್.’ ದೊಡ್ಡದೋ? ಕೊನೆಗೆ ಮೂರು ವಾರದ ಕೂಲಿ ಬಾಕಿಯಿದ್ದ ತರುಣನೊಬ್ಬ, ‘ನಮ್ಮ ಮಿಲ್ಲಿಗೂ ಒಬ್ಬ ರಾಕಿ ಬರಬೇಕು, ಸಾರ್’ ಎಂದ. ಆ ಮಾತಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡೂ ಕದ್ದು ತಿಂದ ಬೆಲ್ಲದಂಥ ಚಿತ್ರಗಳು. ನಂಬುವಂತಿಲ್ಲ, ಬಿಡಲೂ ಮನಸ್ಸಿಲ್ಲ. ಎಚ್.ಕೆ. ಅನಂತರಾವ್ ಅವರ ಕಾದಂಬರಿಯಿಂದ ರಾಜೇಂದ್ರಸಿಂಗ್ ಬಾಬು ಅವರು ೧೯೮೧ರಲ್ಲಿ ‘ಅಂತ’ ತೆಗೆದರು. ಅಂಬರೀಶ್ ಅದರಲ್ಲಿ ಪೊಲೀಸ್ ಅಧಿಕಾರಿಯೂ ಹೌದು, ಅವನನ್ನೇ ಹೋಲುವ ಕನ್ವರ್‌ಲಾಲನೂ ಹೌದು. ಅಧಿಕಾರಿ ಆ ವೇಷದಲ್ಲಿ ದುಷ್ಟರ ಕೂಟ ಹೊಕ್ಕು ಸಿಕ್ಕಿಬಿದ್ದಾಗ ಅವನ ಉಗುರುಗಳನ್ನೇ ಕೀಳುತ್ತಾರೆ.

ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಬಂದದ್ದು ೨೦೧೮ ಮತ್ತು ೨೦೨೨ರಲ್ಲಿ, ಎರಡು ಭಾಗವಾಗಿ. ಯಶ್ ಅಭಿನಯದ ರಾಕಿ, ನಾರಾಚಿ ಎಂಬ ಗಣಿಯ ಗುಲಾಮರ ನಡುವೆ ನುಗ್ಗಿ ಕ್ರೂರಿ ಗರುಡನನ್ನು ಕೊಲ್ಲುತ್ತಾನೆ. ಎರಡನೆಯ ಭಾಗದಲ್ಲಿ ಯಂತ್ರದ ಬಂದೂಕಿನಿಂದ ಪೊಲೀಸ್ ಠಾಣೆಯನ್ನು ಪುಡಿಮಾಡಿ, ಕೆಂಪಗೆ ಕಾದ ಅದರ ನಳಿಗೆಯಲ್ಲೇ ಸಿಗರೇಟು ಹಚ್ಚಿಕೊಳ್ಳುತ್ತಾನೆ! ಸಿಳ್ಳೆ ಹಾಕಿದವರಲ್ಲಿ ನಾನೂ ಒಬ್ಬ.

ಮೋಜಿನಲ್ಲಿ ‘ಕೆ.ಜಿ.ಎಫ್.’ ಮೇಲು. ಆದರೆ ಸುಳ್ಳು ಕಡಿಮೆ ಇರುವುದು ‘ಅಂತ’ದಲ್ಲಿ. ಅಲ್ಲಿ ಕಳ್ಳರು ದೊಡ್ಡ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಅವರನ್ನು ಎದುರಿಸಿದವನು ಮೈಯಲ್ಲಿ ಬೆಲೆ ತೆರುತ್ತಾನೆ. ಇಲ್ಲಿಯಾದರೋ ಸಾವಿರಾರು ಕೂಲಿಗಳ ಕೈಗಳು ಗುದ್ದಲಿ ಹಿಡಿಯುವುದಕ್ಕೂ ವೀರನಿಗೆ ಮುಗಿಯುವುದಕ್ಕೂ ಮಾತ್ರ. ರಾಕಿ ಅವರಿಗೆ ಮನೆ ಕಟ್ಟಿಸಿದನು, ನಿಜ. ಆದರೆ ಅಗೆತ ನಿಂತಿತೇ? ಚಿನ್ನ ಹಳೆಯ ಒಡೆಯನ ಹಗೇವಿನಿಂದ ಹೊಸ ಒಡೆಯನ ಹಗೇವಿಗೆ ಹೋಯಿತು. ಕಡೆಗೆ ಅವನೊಡನೆ ಸಮುದ್ರದ ಪಾಲಾಯಿತು. ಕೂಲಿಗೆ ಏನು ಉಳಿಯಿತು?

ನಿಜವಾದ ಕೋಲಾರದ ಚಿನ್ನದ ಗಣಿಯಲ್ಲಿ ಇಂಥ ವೀರ ಯಾರೂ ಬರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಆ ಕಾವಿನಲ್ಲಿ ಬೆಂದವರು ೧೯೩೦ರಲ್ಲಿ, ಬೆರಳಚ್ಚು ಕೊಡಬೇಕೆಂಬ ಕಂಪನಿಯ ಕಟ್ಟಳೆಯನ್ನು ವಿರೋಧಿಸಿ ೨೧ ದಿನ ಕೆಲಸ ನಿಲ್ಲಿಸಿದರು. ೧೯೪೬ರಲ್ಲಿ ೭೮ ದಿನ ಮುಷ್ಕರ ಹೂಡಿದರು; ಅದೇ ವರ್ಷ ನವೆಂಬರ್ ೪ರಂದು ಆರು ಮಂದಿ ಕಾರ್ಮಿಕರು ಹುತಾತ್ಮರಾದರು. ೨೦೦೧ರಲ್ಲಿ ಗಣಿಯೇ ಮುಚ್ಚಿತು. ಈ ಕಥೆಯಲ್ಲಿ ನಾಯಕನ ಪ್ರವೇಶಕ್ಕೆ ಸಂಗೀತವಿಲ್ಲ. ನಾಯಕರು ಸಾವಿರಾರು, ಅದಕ್ಕೇ ಯಾರ ಮುಖವೂ ಪೋಸ್ಟರಿನಲ್ಲಿಲ್ಲ.

ಆದುದರಿಂದ ತಮ್ಮಾ, ಸಿನಿಮಾ ನೋಡು, ಸಿಳ್ಳೆಯನ್ನೂ ಹಾಕು. ದುಡಿದು ದಣಿದವನಿಗೆ ಅಷ್ಟು ಸುಖ ಬೇಡವೇ? ಆದರೆ ಬಾಕಿ ಕೂಲಿ ಕೇಳುವುದಕ್ಕೆ ರಾಕಿಯನ್ನು ಕಾಯಬೇಡ. ಅವನು ಬಂದರೂ ಮಿಲ್ಲು ಅವನದಾಗುತ್ತದೆ, ನಿನ್ನದಾಗುವುದಿಲ್ಲ. ನೀವು ಹತ್ತು ಮಂದಿ ಒಟ್ಟಾಗಿ ಲೆಕ್ಕದ ಪುಸ್ತಕ ಕೇಳಿ ನೋಡಿ. ಬೀಡಿ ಹಚ್ಚಲು ಕಾದ ಬಂದೂಕು ಬೇಕಿಲ್ಲ. ಪಕ್ಕದವನ ಬೆಂಕಿಪೊಟ್ಟಣ ಸಾಕು.