ಕತ್ತಿನಲ್ಲಿ ಗಂಟಿಲ್ಲ, ಮತ್ತೆ ಯಾಕೆ ಕೊಯ್ಯಬೇಕು?

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಮುಂಬೈನ ಪರೇಲ್‌ಗೆ, ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬರುವವರ ಕೈಯಲ್ಲೊಂದು ಫೈಲು ಇರುತ್ತದೆ. ಒಳಗಿನದೆಲ್ಲ ಇಂಗ್ಲಿಷು. ನಾಲಿಗೆಯ ಅಂಚಿನಲ್ಲೊಂದು ಹುಣ್ಣು. ಕ್ಯಾನ್ಸರ್ ಹೌದು, ಆದರೆ ಆರಂಭದ ಹಂತ. ಡಾಕ್ಟರು ಹುಣ್ಣಿನ ಜೊತೆಗೆ ಕತ್ತಿನ ಆಪರೇಷನ್ನೂ ಆಗಬೇಕು ಎನ್ನುತ್ತಾರೆ. “ಕತ್ತಿನಾಗ ಗಂಟ ಇಲ್ಲಲ್ರಿ, ಅಲ್ಲ್ಯಾಕ ಕೊಯ್ಯಬೇಕ್ರಿ?” ಎಂದು ಯಾರಾದರೂ ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ದಶಕಗಳ ಕಾಲ ಶಸ್ತ್ರವೈದ್ಯರೂ ಇದನ್ನೇ ಚರ್ಚಿಸುತ್ತಿದ್ದರು.

ಬಲವಾದ ಉತ್ತರ ಸಿಕ್ಕಿದ್ದು ಇದೇ ಪರೇಲ್‌ನಲ್ಲಿ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಲ್ಲಿ ಆರಂಭಿಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಕತ್ತಿನಲ್ಲಿ ಗಂಟು ಕಾಣದ, ಆರಂಭದ ಹಂತದ ಬಾಯಿ ಕ್ಯಾನ್ಸರಿನ 500 ರೋಗಿಗಳ ಲೆಕ್ಕ ಅದು. ಒಂದು ಗುಂಪಿಗೆ ಮೊದಲ ಆಪರೇಷನ್ನಿನಲ್ಲೇ ಕತ್ತಿನ ಲಿಂಫ್ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿನವರಲ್ಲಿ, ಮುಂದೆ ಗಂಟು ಕಾಣಿಸಿಕೊಂಡಾಗ ತೆಗೆದರು. ಮೂರು ವರ್ಷದ ಬಳಿಕ ಬದುಕಿದ್ದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 67.5. ಅಂದರೆ ಮೊದಲೇ ತೆಗೆಸಿಕೊಂಡ ಪ್ರತಿ ಎಂಟು ಮಂದಿಗೆ ಹೆಚ್ಚುವರಿಯಾಗಿ ಒಂದು ಜೀವ ಉಳಿಯಿತು. ಹೊಸ ಔಷಧವಿಲ್ಲ, ದುಬಾರಿ ಯಂತ್ರವಿಲ್ಲ. ಅದೇ ಚಾಕು, ಹೊತ್ತು ಮಾತ್ರ ಬೇರೆ.

ಅಧ್ಯಯನಕ್ಕೆ ಸೇರುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲೇ ಮಾಹಿತಿಪತ್ರ ಕೊಡಬೇಕು, ಅದನ್ನು ನೈತಿಕ ಸಮಿತಿ ಒಪ್ಪಬೇಕು ಎಂಬುದು ಐಸಿಎಂಆರ್ ನಿಯಮ. ಸರಿಯಾದದ್ದೇ. ಆದರೆ ಆ ಅಧ್ಯಯನದ ಫಲವಾಗಿ ಇಂದು ಕತ್ತು ಒಡ್ಡುವ ಮಾಮೂಲಿ ರೋಗಿಗೆ ಅಷ್ಟೇ ಕಾಳಜಿಯ ಕಾಗದ ಯಾಕಿರಬಾರದು?

ಕೊಟ್ಟರೂ ಎಂಥ ಕನ್ನಡದಲ್ಲಿ ಕೊಡಬೇಕು ಎಂಬುದು ಮುಂದಿನ ಪ್ರಶ್ನೆ. ಪ್ರೊಗ್ನೋಸಿಸ್ ಎಂಬುದಕ್ಕೆ ‘ಮುನ್ಸೂಚನೆ’ ಎಂದು ಬರೆದರೆ ಮಳೆಯ ನೆನಪಾಗುತ್ತದೆ. ಲಿಂಫ್ ನೋಡ್ ಎಂಬುದಕ್ಕೆ ಪಠ್ಯಪುಸ್ತಕ ‘ದುಗ್ಧಗ್ರಂಥಿ’ ಎನ್ನುತ್ತದೆ. ದುಗ್ಧವೆಂದರೆ ಹಾಲು, ಕತ್ತಿಗೂ ಹಾಲಿಗೂ ಏನು ಸಂಬಂಧ? ರಿಪೋರ್ಟು ‘ಪಾಸಿಟಿವ್’ ಬಂದರೆ ಒಳ್ಳೆಯದೇ ಆಯಿತೆಂದುಕೊಳ್ಳುವುದೂ ಸಹಜ. ಪದಕ್ಕೆ ಪದ ಕೂಡಿಸಿದ ಅನುವಾದ ಇಂಗ್ಲಿಷಿಗಿಂತ ಹೆಚ್ಚು ದಾರಿ ತಪ್ಪಿಸಬಲ್ಲದು.

ಬೇಕಾಗಿರುವುದು ಒಂದೇ ಪುಟ. ಹುಣ್ಣು ಎಷ್ಟು ಅಗಲ ಎಂಬುದರ ಜೊತೆಗೆ ಎಷ್ಟು ಆಳ ಎಂಬುದನ್ನೂ ಅದು ಹೇಳಬೇಕು. ಕ್ಯಾನ್ಸರಿನ ಹಂತ ಗೊತ್ತುಮಾಡುವಾಗ 2018ರಿಂದ ಆಳವೂ ಲೆಕ್ಕಕ್ಕೆ ಬರುತ್ತದೆ. ಎರಡು ಸೆಂಟಿಮೀಟರಿನ ಸಣ್ಣ ಹುಣ್ಣೂ ಐದು ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ ಮೊದಲ ಹಂತದ್ದಲ್ಲ. ಕೈಗೆ ಸಿಗದಷ್ಟು ಸಣ್ಣ ಕ್ಯಾನ್ಸರ್ ಕತ್ತಿನ ಗ್ರಂಥಿಯಲ್ಲಿ ಅಡಗಿರಬಹುದು ಎನ್ನಬೇಕು. ಶೇ. 80 ಎಂದರೆ ‘ನಿಮ್ಮಂಥ ನೂರು ಜನರಲ್ಲಿ ಎಂಬತ್ತು ಜನ’ ಎಂದು ಬಿಡಿಸಿ ಹೇಳಬೇಕು. ಆಪರೇಷನ್ ಆದಮೇಲೆ ಭುಜ ಬಿಗಿಯಬಹುದು, ತೋಳು ಎತ್ತಲು ಕಷ್ಟವಾಗಬಹುದು ಎಂಬುದನ್ನೂ ಮುಚ್ಚಿಡಬಾರದು. ಹೊಲದಲ್ಲಿ, ಕಟ್ಟಡದ ಮೇಲೆ ದುಡಿಯುವವರಿಗೆ ಅದು ಅನ್ನದ ವಿಷಯ.

ಡಾಕ್ಟರಿಗೆ ಪುರುಸೊತ್ತಿಲ್ಲ ಎನ್ನುತ್ತಾರೆ, ನಿಜ. ಅದಕ್ಕೇ ಕಾಗದ ಬೇಕು. ‘ಅಪ್ಪನಿಗೆ ಹೇಳಬೇಡಿ, ಎದೆ ಒಡೆದುಕೊಳ್ತಾರೆ’ ಎಂದು ಮಕ್ಕಳು ಬೇಡಿಕೊಳ್ಳುವುದೂ ನಿಜ. ಆದರೆ ಕೊಯ್ಯುವುದು ಅಪ್ಪನ ಕತ್ತನ್ನು. ಎಷ್ಟು ತಿಳಿಯಬೇಕು ಎಂದು ನಿರ್ಧರಿಸುವ ಹಕ್ಕು ಮೊದಲು ಅವರದು.

ಅಂಥ ಪುಟ ಬರೆಯಲು ಶಸ್ತ್ರವೈದ್ಯರೊಬ್ಬರು, ಕನ್ನಡ ಬಲ್ಲವರೊಬ್ಬರು, ಕೇಳಿ ‘ಇದು ತಿಳೀಲಿಲ್ಲರಿ’ ಎನ್ನುವ ಧೈರ್ಯವಿರುವ ಹಳ್ಳಿಯವರೊಬ್ಬರು ಸಾಕು. ಮುಂಬೈ, ಪುಣೆ, ಹೈದರಾಬಾದಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹಾಕುವ ಶ್ರಮದ ಒಂದು ಪಾಲು ಇದಕ್ಕೆ ಕೊಟ್ಟರೆ, ಊರಿನಿಂದ ಬಂದವರ ಫೈಲಿನಲ್ಲಿ ಅವರೇ ಓದಬಲ್ಲ ಹಾಳೆಯೊಂದು ಇದ್ದೀತು.