ಗೃಹಕೃತ್ಯ: ಸಿಂಕಿನ ಕೊಳವೆಯೂ ಗೋಡೆಯ ಬಾಯಿಯೂ

ಶಿವಾಲಯದ ಗರ್ಭಗೃಹದಿಂದ ಅಭಿಷೇಕೋದಕವು ಹೊರಬೀಳುವ ಕಲ್ಲಿನ ಬಾಯಿಗೆ ನಮ್ಮ ಶಿಲ್ಪಿಗಳು ‘ಪ್ರಣಾಲ’ವೆಂದು ಹೆಸರಿಟ್ಟರು. ಅದನ್ನು ಗೋಡೆಯಿಂದ ಮುಂದಕ್ಕೆ ಚಾಚಿ ನಿಲ್ಲಿಸಿದುದರಿಂದ ನೀರು ಗೋಡೆಯನ್ನು ನೆನಸದೆ ದೂರ ಬೀಳುವುದು. ತುಮಕೂರು, ಗುಬ್ಬಿ, ಕುಣಿಗಲುಗಳ ಹಳೆಯ ಮನೆಗಳ ಬಚ್ಚಲಿಗೂ ಇದೇ ನೀತಿಯಿತ್ತು. ಪಾತ್ರೆ ತೊಳೆದ ನೀರು ಗೋಡೆಯ ತೂತಿನಿಂದ ಹಿತ್ತಿಲಿಗೆ ಹರಿದು ಬಾಳೆಯ ಬುಡವನ್ನೋ ಕೆಸವಿನ ಮಡಿಯನ್ನೋ ಸೇರುತ್ತಿತ್ತು. ನೀರು ಹೊರಗೆ ಹೋದರೆ ಕೆಲಸ ಮುಗಿಯಿತು. ಆ ದಾರಿಯಲ್ಲಿ ಒಳಕ್ಕೆ ಬರತಕ್ಕುದು ಗಾಳಿ, ಬೆಳಕು, ಹೆಚ್ಚೆಂದರೆ ಒಂದು ಕಪ್ಪೆ.

ಈಗಿನ ಮನೆಗಳ ಸ್ಥಿತಿ ಬೇರೆ. ಸಿಂಕಿನ ನೀರು ಗೋಡೆಯೊಳಗಿನ ಕೊಳವೆಯನ್ನು ಹೊಕ್ಕು, ಒಳಚರಂಡಿಯನ್ನೋ ಮುಚ್ಚಿದ ಗುಂಡಿಯನ್ನೋ ಸೇರುವುದು. ನೀರು ಹೋಗುವ ದಾರಿಯೇ ಚರಂಡಿಯ ಗಾಳಿ ಬರುವ ದಾರಿಯೂ ಆಗಬಲ್ಲುದೆಂಬುದನ್ನು ಗೃಹಸ್ಥರು ಮರೆಯುವುದುಂಟು. ಗೃಹಿಣಿಯು ಸಿಂಕನ್ನು ದಿನಕ್ಕೆ ಎರಡು ಸಲ ಉಜ್ಜಿದರೂ ನಾತ ಹೋಗದು. ರಾತ್ರಿ ದೀಪ ಹಾಕಿದರೆ ಜಿರಲೆಗಳ ಸಂಚಾರ. ಆಗ ಮನೆಯವರು ಆಕೆಯ ಶುಚಿತ್ವವನ್ನು ಸಂಶಯಿಸುವರು. ಆದರೆ ಕೆಳಗೆ ಬಾಗಿ ನೋಡಿದರೆ ತಪ್ಪು ಯಾರದೆಂಬುದು ತಿಳಿಯುವುದು. ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ಗೋಡೆಯ ಅಗಲವಾದ ಬಾಯಿಗೆ ತುರುಕಿ, ಉಳಿದ ಸಂದಿಗೆ ಹಳೆಯ ಪಂಚೆಯ ಚೂರನ್ನು ಗಿಡಿದಿರುತ್ತಾರೆ. ಆ ಬಟ್ಟೆ ನೆನೆದು, ಜಿಡ್ಡು ಹಿಡಿದು, ತಾನೇ ನಾರತೊಡಗುವುದು.

ಇಲ್ಲಿ ಬೇಕಾದುವು ಎರಡು ತಡೆಗಳು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದೆಂಬುದೇ ಈ ಲೇಖನದ ಮುಖ್ಯಾಂಶ.

ಮೊದಲನೆಯದು ನೀರಿನ ತಡೆ, ಜಲಮುದ್ರೆಯೆಂದರೂ ಸಲ್ಲುವುದು. ಕೊಳವೆಯನ್ನು ಕೆಳಕ್ಕೆ ಬಾಗಿಸಿ ಮತ್ತೆ ಮೇಲಕ್ಕೆತ್ತಿದರೆ ಆ ಬಾಗಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಲ್ಲುವುದು. ಮೇಲಿಂದ ಬಂದ ನೀರು ಅದನ್ನು ತಳ್ಳಿಕೊಂಡು ಹೋಗುವುದು. ಕೆಳಗಿನ ದುರ್ವಾಯುವಿಗಾದರೋ ದಾರಿಯಿಲ್ಲ. ಲಂಡನ್ನಿನ ಗಡಿಯಾರಗಾರನಾದ ಅಲೆಗ್ಸಾಂಡರ್ ಕಮಿಂಗನು 1775ರಲ್ಲಿ ಪಾಯಿಖಾನೆಯ ಕೊಳವೆಗೆ ಇಂತಹ ಬಾಗನ್ನಿಟ್ಟು ಹಕ್ಕುಪತ್ರ ಪಡೆದನು. ಇಂದು ಅಂಗಡಿಯಲ್ಲಿ ‘ಬಾಟಲ್ ಟ್ರ್ಯಾಪ್’, ‘ಪಿ ಟ್ರ್ಯಾಪ್’ ಎಂದು ಕೇಳಿದರೆ ದೊರೆಯುವುದು ಅದೇ ತತ್ತ್ವದ ಸಾಧನ. ಅದರಲ್ಲಿ ನಿಲ್ಲುವ ನೀರು ಸುಮಾರು ಎರಡು ಅಂಗುಲ ಆಳವಿರಬೇಕು.

ಎರಡನೆಯದು ಸಂದಿನ ತಡೆ. ಬಾಗು ಎಷ್ಟು ಚೆನ್ನಾಗಿದ್ದರೂ ಗೋಡೆಯ ಬಾಯಲ್ಲಿ ಬೆರಳು ತೂರುವಷ್ಟು ಸಂದಿದ್ದರೆ ಗಾಳಿಯೂ ಜಿರಲೆಯೂ ಬಾಗಿನ ಗೊಡವೆಯಿಲ್ಲದೆ ಅಲ್ಲಿಂದಲೇ ಬರುವುವು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆಯೇ ಸರಿ.

ಇದು ಕೇವಲ ಮೂಗಿನ ಸುಖದ ಮಾತೆಂದು ವಾಚಕರು ಎಣಿಸಬಾರದು. 2003ನೆಯ ಇಸವಿಯ ಮಾರ್ಚಿಯಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ಬಹು ಅಂತಸ್ತಿನ ವಸತಿಗಳಲ್ಲಿ ಮುನ್ನೂರಕ್ಕೂ ಮಿಕ್ಕ ಜನರಿಗೆ ಸಾರ್ಸ್ ರೋಗವು ತಗಲಿತು. ಸ್ನಾನದ ಮನೆಗಳ ನೆಲದ ಕೊಳವೆಗಳಲ್ಲಿ ಬಾಗಿನ ನೀರು ಆರಿಹೋಗಿ, ಚರಂಡಿಯ ಗಾಳಿಯೂ ತುಂತುರೂ ಮನೆಗಳೊಳಕ್ಕೆ ಬಂದುದು ಅದಕ್ಕೆ ಒಂದು ಕಾರಣವೆಂದು ಪರೀಕ್ಷಿಸಿದವರು ತಿಳಿಸಿದರು. ಬೊಗಸೆ ನೀರಿನ ಬೆಲೆ ಅಷ್ಟು.

ಇನ್ನು ಕೆಲಸದ ಕ್ರಮ. ಮೊದಲು ಅಳತೆ ತೆಗೆದುಕೊಳ್ಳಬೇಕು. ಸಿಂಕಿನ ಕೊಳವೆ ಸಾಮಾನ್ಯವಾಗಿ ಒಂದೂಕಾಲು ಅಥವಾ ಒಂದೂವರೆ ಅಂಗುಲದ್ದು; ಗೋಡೆಯ ಕೊಳವೆಯ ಬಾಯಿ ಅದಕ್ಕಿಂತ ಅಗಲ. ಎರಡರ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದರೆ ನಡುವಿನ ಸಂದಿಗೆ ಸರಿಹೊಂದುವ ರಬ್ಬರಿನ ಬಳೆ ದೊರೆಯುವುದು. ಗೋಡೆಯ ಬಾಯನ್ನು ತಿಕ್ಕಿ ಜಿಡ್ಡು ತೆಗೆದು, ಒಣಗಿಸಿ, ರಬ್ಬರನ್ನು ಕೂರಿಸಿ, ಅದಕ್ಕೆ ಸೋಪಿನ ನೀರು ಸವರಿ ಕೊಳವೆಯನ್ನು ಎರಡು ಅಂಗುಲದಷ್ಟು ಒಳಕ್ಕೆ ತಳ್ಳಬೇಕು. ಇನ್ನೂ ಹೆಚ್ಚು ತಳ್ಳಿದರೆ ಒಳಗಿನ ತಿರುವಿಗೆ ತಾಗಿ ನೀರು ಕಟ್ಟುವುದು. ಟ್ರ್ಯಾಪಿನಿಂದ ಗೋಡೆಯವರೆಗೆ ಕೊಳವೆಯು ಅಡಿಗೆ ಕಾಲಂಗುಲದಂತೆ ಇಳಿಜಾರಾಗಿರಲಿ. ಬಾಗು ಒಂದೇ ಇರಬೇಕು. ಮುಂದೆ ಕೊಳವೆ ಜೋತುಬಿದ್ದು ಇನ್ನೊಂದು ಬಾಗಾದರೆ ನಡುವೆ ಗಾಳಿ ಸಿಕ್ಕಿಕೊಂಡು ನೀರು ನಿಧಾನಿಸುವುದು. ಸುಕ್ಕಿನ ಕೊಳವೆಗಿಂತ ನುಣುಪಾದುದು ಮೇಲು; ಸುಕ್ಕುಗಳಲ್ಲಿ ಜಿಡ್ಡು ಕೂಡುವುದು.

ರಬ್ಬರು ದೊರೆಯದಿದ್ದರೆ, ಅಥವಾ ಬಾಯಿ ಸೊಟ್ಟಗಿದ್ದರೆ, ಸಿಲಿಕೋನ್ ಅಂಟನ್ನು ಸುತ್ತಲೂ ಹಚ್ಚಿ ಒಂದು ಹಗಲು ಒಂದು ರಾತ್ರಿ ನೀರು ಬಿಡದೆ ಇರಬೇಕು. ಸಿಮೆಂಟಿನಿಂದ ಮೆತ್ತುವವರುಂಟು, ಅದು ಗಟ್ಟಿಯೆಂಬುದೇ ಅದರ ದೋಷ. ಸಿಂಕಿನ ಕೊಳವೆ ಎಂದಾದರೊಂದು ದಿನ ಕಟ್ಟಿಯೇ ತೀರುವುದು. ಆಗ ಬಿಚ್ಚಲಾಗದೆ ಒಡೆಯಬೇಕಾಗುವುದು. ಬಿಚ್ಚಲು ಬರುವ ಬಿಗಿಯೇ ನಿಜವಾದ ಬಿಗಿ. ಟ್ರ್ಯಾಪಿನ ತಿರುಪುಗಳನ್ನು ಕೈಯಿಂದಲೇ ಬಿಗಿಮಾಡಿದರೆ ಸಾಕು. ಅಲ್ಲಿ ನೀರು ತಡೆಯುವುದು ಒಳಗಿನ ವಾಷರು, ನಮ್ಮ ತೋಳಿನ ಬಲವಲ್ಲ.

ಕೆಲಸ ಮುಗಿದ ಮೇಲೆ ಸಿಂಕಿನ ತುಂಬ ನೀರು ನಿಲ್ಲಿಸಿ, ಕೆಳಗೆ ವೃತ್ತಪತ್ರಿಕೆಯನ್ನು ಹಾಸಿ, ಒಮ್ಮೆಲೆ ಬಿಡಬೇಕು. ಒಂದು ತೊಟ್ಟು ಬಿದ್ದರೂ ಕಾಗದವು ಹೇಳುವುದು. ಪ್ಲಂಬರಿಗೆ ಕೂಲಿ ಕೊಡುವುದಕ್ಕೆ ಮುಂಚೆಯೇ ಈ ಪರೀಕ್ಷೆ ಆಗಲಿ. ಒಳ್ಳೆಯ ಕೆಲಸಗಾರನು ಇದಕ್ಕೆ ಬೇಸರಪಡುವುದಿಲ್ಲ.

ಮುಂದಿನ ಪಾಲನೆ ಸ್ವಲ್ಪವೇ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು. ಕೊರೆದ ಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಜೋಡಣೆಯ ಸುತ್ತ ಬಿಳಿಯ ಹಕ್ಕಳೆ ಕಂಡರೆ ಅದು ಸಣ್ಣ ಸೋರಿಕೆಯ ಗುರುತೆಂದು ತಿಳಿಯಬೇಕು. ಬೇಸಗೆಯಲ್ಲಿ ಹಲವು ವಾರ ಊರಿಗೆ ಹೋಗುವುದಾದರೆ, ಹೊರಡುವ ದಿನ ಸಿಂಕಿಗೂ ಬಚ್ಚಲಿಗೂ ಒಂದೊಂದು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಅಡಿಗೆಯ ಎಣ್ಣೆ ಬಿಡಿರಿ. ಎಣ್ಣೆಯ ಪದರದ ಕೆಳಗೆ ನೀರು ಬೇಗ ಆರದು. ಹಿಂದಿರುಗಿ ಬಾಗಿಲು ತೆರೆದಾಗ ಮನೆಯು ಮನೆಯಂತೆಯೇ ಇರುವುದು.